ಇನ್ನೊಂದು ಮಗು ಬಂದರೆ

ಗುರುವಾರ ಬೆಳಿಗ್ಗೆ ಹತ್ತೂಕಾಲು. ಬಟವಾಡಿಯ ಆ ಅಂಗನವಾಡಿಗೆ ದಡಾರದ ಲಸಿಕೆ ಹಾಕಿಸಿಕೊಳ್ಳಲು ಬಂದಿದ್ದ ಮಗು ಒಂದೇ.

ಕಾವ್ಯ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಗಿಲ ಕಡೆ ನೋಡುತ್ತಿದ್ದಳು. ಹೋದ ವಾರವೂ ಹೀಗೇ ಕೂತು ಮಧ್ಯಾಹ್ನ ವಾಪಸು ಹೋಗಿದ್ದಳು. ನರ್ಸ್ ಸುಧಾಳ ಉತ್ತರ ಬದಲಾಗಿರಲಿಲ್ಲ.

"ಒಂದು ಸೀಸೇಲಿ ಐದು ಡೋಸು ಇರ್ತದೆ ಕಣಮ್ಮ. ಓಪನ್ ಮಾಡಿದ್ರೆ ನಾಲ್ಕು ಗಂಟೆಯೊಳಗೆ ಮುಗೀಬೇಕು. ಇಲ್ಲ ಅಂದ್ರೆ ಚೆಲ್ಲೋದೇ. ಇನ್ನೊಂದು ಮಗು ಬಂದ್ರೂ ಸಾಕು, ಒಡೀತೀನಿ."

ಒಂದೇ ಮಗು ಬಂದರೂ ಸೀಸೆ ತೆರೆಯಬೇಕು ಎಂದು ನಿಯಮವಿದೆ. ಆದರೆ ಚೆಲ್ಲಿದ ಡೋಸಿಗೆ ಮೇಲಿನವರು ಕಾರಣ ಕೇಳುತ್ತಾರೆ. ಕಾವ್ಯಳಿಗೆ ನಿಯಮ ಗೊತ್ತಿರಲಿಲ್ಲ. ವಠಾರದ ಕೊನೆಯ ಮನೆಯಲ್ಲಿ ಎರಡು ಮಕ್ಕಳಿಗೆ ದಡಾರ ಎದ್ದಿರುವುದು ಮಾತ್ರ ಗೊತ್ತಿತ್ತು. ಒಂಬತ್ತು ತಿಂಗಳು ತುಂಬಿದ್ದ ಮಗಳು ಮಾನ್ಯ ನಡುಮನೆಯಿಂದ ಅಂಬೆಗಾಲಿಟ್ಟುಕೊಂಡು ಆ ಮನೆಯ ಹೊಸಿಲಿಗೇ ಹೋಗುತ್ತಿದ್ದಳು.

ಗಂಡ ರವೀಶ್ ಕುಣಿಗಲ್ ರೂಟಿನ ಹಾಲಿನ ಗಾಡಿ ಓಡಿಸುತ್ತಿದ್ದ. ಬೆಳಕು ಹರಿಯುವ ಮುಂಚೆ ಹೊರಟರೆ ಬರುವುದು ಸಂಜೆಗೆ. ಅಲ್ಲಿಯವರೆಗೆ ಕಾವ್ಯ ಮಾತಾಡುವುದು ಮಗುವಿನ ಜೊತೆ, ಇಲ್ಲದಿದ್ದರೆ ಕುಕ್ಕರಿನ ಜೊತೆ. ಜಾತಿ ಬಿಟ್ಟು ಮದುವೆಯಾದ ಮೇಲೆ ಹೆಬ್ಬೂರಿನ ಅತ್ತೆಮನೆಯವರು ಒಳಗೆ ಕರೆಯಲಿಲ್ಲ. ಗುಬ್ಬಿಯ ತವರಿನವರು ಬಾಗಿಲಲ್ಲೂ ನಿಲ್ಲಿಸಲಿಲ್ಲ. "ಇನ್ಮೇಲೆ ನನ್ನ ಮಾತಾಡಿಸ್ಬೇಡ" ಎಂದಿದ್ದಳು ಅಮ್ಮ. ಎರಡು ವರ್ಷದಿಂದ ಕಾವ್ಯ ಮಾತಾಡಿಸಿರಲಿಲ್ಲ. ಅಣ್ಣ ಗುರುಪ್ರಕಾಶ್ ಎರಡು ರಸ್ತೆ ಆಚೆ ಮನೆ ಮಾಡಿದ್ದಾನೆಂದು ತಿಳಿದ ಮೇಲೆ ತರಕಾರಿಗೂ ಸುತ್ತಿ ಹೋಗುತ್ತಿದ್ದಳು.

ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು.

"ದಡಾರದ ಸೂಜಿ ಇವತ್ತೇನಾ ತಾಯಿ? ಸೊಸೆ ಬ್ಯಾಂಕಿಗೆ ಹೋದ್ಲು, ನಾನೇ ಎತ್ಕೊಂಡು ಬಂದೆ."

ಗಂಗಾಂಬಿಕೆ. ಕಾವ್ಯಳ ಅಮ್ಮ. ಕಂಕುಳಲ್ಲಿ ಅಣ್ಣನ ಮಗ.

ಕಾವ್ಯಳನ್ನು ಕಂಡು ಅಮ್ಮ ಹೊಸಿಲಲ್ಲೇ ನಿಂತಳು. ಬಿಟ್ಟ ಚಪ್ಪಲಿಗೆ ಮತ್ತೆ ಕಾಲು ತೂರಿಸಿದಳು. "ಮುಂದಿನ್ ವಾರ ಬರ್ತೀನಿ ಬುಡವ್ವ. ಇವತ್ತು ರಶ್ಶು."

"ರಶ್ಶಾ?" ಸುಧಾ ನಕ್ಕಳು. "ನನ್ನ ಬಿಟ್ರೆ ಇಲ್ಲಿರೋದೇ ಒಬ್ಳು, ಅಜ್ಜಿ!"

ಅಮ್ಮ ಮೆಟ್ಟಿಲಿಳಿದಳು. ಕಾವ್ಯ ಎದ್ದು ನಿಂತಳು. ಮಾತಾಡಿದ್ದು ಮಾತ್ರ ಸುಧಾಳ ಕಡೆ ತಿರುಗಿ.

"ಮೇಡಂ, ನಮ್ಮ ವಠಾರದಲ್ಲಿ ದಡಾರ ಎದ್ದಿದೆ. ಅವ್ರು ಹೋದ್ರೆ ನೀವು ಸೀಸೆ ಒಡೆಯಲ್ಲ. ಸ್ವಲ್ಪ ಅವ್ರಿಗೆ ಹೇಳಿ."

"ಅಲ್ಲೇ ನಿಂತವ್ರಲ್ಲಮ್ಮ, ನೀವೇ ಹೇಳಿ. ನಾನೇನು ಮೈಕಾ?"

ಅಮ್ಮ ಬೆನ್ನು ಹಾಕಿಯೇ ನಿಂತಿದ್ದಳು. "ಯಾವ ವಠಾರ ಅಂತ ಕೇಳವ್ವ."

"ಕಲ್ಯಾಣಮಂಟಪದ ಹಿಂದ್ಗಡೇದು ಅಂತ ಹೇಳಿ."

"ಎರಡು ರಸ್ತೆ" ಎಂದು ಅಮ್ಮ ತನಗೇ ಹೇಳಿಕೊಂಡಳು. ಆಮೇಲೆ ಮೆಟ್ಟಿಲು ಹತ್ತಿ ಬಂದು ಚಪ್ಪಲಿ ಬಿಟ್ಟು ಒಳಗೆ ಕೂತಳು, ಚಾಪೆಯ ಇನ್ನೊಂದು ತುದಿಯಲ್ಲಿ.

ಸುಧಾ ಸೀಸೆ ತೆರೆದು ಪುಡಿಗೆ ಅದರ ದ್ರಾವಣ ಬೆರೆಸಿದಳು. ಮೊದಲ ಸರದಿ ಗಂಡುಮಗುವಿನದು. ಅಮ್ಮ ಅವನ ಕಾಲುಗಳನ್ನು ತೊಡೆಯ ನಡುವೆ ಸಿಕ್ಕಿಸಿ, ಬಲತೋಳನ್ನು ಅಲುಗಾಡದಂತೆ ಹಿಡಿದುಕೊಂಡಳು. ಅವನು ಅತ್ತು ಸುಮ್ಮನಾದ. ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಮಿಂಚಿತು. ಮಾನ್ಯಳ ಕೊರಳಲ್ಲಿ ಇದ್ದದ್ದು ಕಪ್ಪು ದಾರ ಮಾತ್ರ. ಅಮ್ಮ ಅದನ್ನು ನೋಡಿದ್ದನ್ನು ಕಾವ್ಯ ನೋಡಿದಳು.

"ಬನ್ನಿ. ಗಟ್ಟಿಯಾಗಿ ಹಿಡ್ಕೋಬೇಕು" ಎಂದಳು ಸುಧಾ. ಹಿಂದಿನ ಸೂಜಿಗಳಿಗೆಲ್ಲ ಕಾವ್ಯ ಒಬ್ಬಳೇ ಹಿಡಿದಿದ್ದಳು. ಈಗ ಎರಡು ಸಲ ಹಿಡಿದರೂ ಹಿಡಿತ ಸಿಗಲಿಲ್ಲ. ಮಗು ತೋಳು ಕಿತ್ತುಕೊಂಡಿತು.

"ಹೆತ್ತೋಳು ಸೂಜಿ ನೋಡಬಾರ್ದು ಅಂತ ಹೇಳವ್ವ ಅವ್ಳಿಗೆ" ಎಂದಳು ಅಮ್ಮ. "ನಮ್ಮನೇಲಿ ಅಜ್ಜೀರೇ ಹಿಡಿಯೋದು."

ಸುಧಾ ಒಮ್ಮೆ ಇವಳ ಮುಖ, ಒಮ್ಮೆ ಅವಳ ಮುಖ ನೋಡಿದಳು.

ಅಮ್ಮ ಮೊಮ್ಮಗನನ್ನು ಕಾವ್ಯಳ ತೋಳಿಗೆ ಕೊಟ್ಟು ಮಾನ್ಯಳನ್ನು ಎತ್ತಿಕೊಂಡಳು. ಕಾವ್ಯ ಗೋಡೆಯ ಕಡೆ ತಿರುಗಿ ನಿಂತಳು. ಗೋಡೆಯಲ್ಲಿ ಅ ಆ ಇ ಈ ಬರೆದಿತ್ತು. ತೋಳಲ್ಲಿದ್ದ ಅಣ್ಣನ ಮಗನನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ಅವನ ಮೈಯಿಂದ ಗುಬ್ಬಿ ಮನೆಯ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಹಿಂದೆ ಮಾನ್ಯ ಕಿರುಚಿದಳು. "ಆಯ್ತು ಬುಡು, ಆಯ್ತು ಬುಡು ನನ್ ಬಂಗಾರಿ" ಎನ್ನುತ್ತಿದ್ದಳು ಅಮ್ಮ.

ಲಸಿಕೆಯ ನಂತರ ಅರ್ಧ ಗಂಟೆ ಕೂತೇ ಹೋಗಬೇಕು. ಇಬ್ಬರೂ ತಮ್ಮ ತಮ್ಮ ಮಗುವನ್ನು ವಾಪಸು ತೆಗೆದುಕೊಂಡು ಕೂತರು. ಮಕ್ಕಳು ಚಾಪೆಯ ಮಧ್ಯಕ್ಕೆ ಹೋಗಿ ಒಂದೇ ಪ್ಲಾಸ್ಟಿಕ್ ಲೋಟಕ್ಕೆ ಜಗಳವಾಡಿದವು. ತಾಯಿ ಮಗಳು ಅದನ್ನು ನೋಡುತ್ತಿದ್ದರು.

"ಒಂದು ವಾರ ಬಿಟ್ಟು ಸಣ್ಣ ಜ್ವರ ಬರಬಹುದು, ಹೆದರ್ಬೇಡಿ" ಎಂದಳು ಸುಧಾ.

ಹೊತ್ತಾದ ಕೂಡಲೇ ಅಮ್ಮ ಎದ್ದಳು. ಮೊಮ್ಮಗನನ್ನು ಕಂಕುಳಿಗೆ ಏರಿಸಿ, ತಿರುಗಿ ನೋಡದೆ ಆಟೊ ಹತ್ತಿದಳು. ಕಾವ್ಯ ಎಂದಿನಂತೆ ಸುತ್ತಿನ ದಾರಿಯಲ್ಲೇ ಮನೆಗೆ ನಡೆದಳು.

ಮುಂದಿನ ವಾರ ಶುಕ್ರವಾರ ಸಂಜೆ ಮಾನ್ಯಳ ಮೈ ಬೆಚ್ಚಗಾಯಿತು. ರವೀಶ್ ಇನ್ನೂ ಬಂದಿರಲಿಲ್ಲ. ಕಾವ್ಯ ಒದ್ದೆ ಬಟ್ಟೆ ಹಿಂಡುತ್ತಿದ್ದಾಗ ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ 'ಅಮ್ಮ ಗುಬ್ಬಿ' ಎಂದಿತ್ತು. ಆ ಹೆಸರನ್ನು ಅವಳು ಅಳಿಸಿರಲಿಲ್ಲ.

"ಮಗೀಗೆ ಜ್ವರ ಬಂತೇನೇ?"

"ಬಂತಮ್ಮ."

"ಇವ್ನಿಗೂ ಬಂದದೆ."

ಫೋನ್ ಕಟ್ಟಾಯಿತು.

ಮರುದಿನ ಬೆಳಿಗ್ಗೆ ಎರಡೂ ಮಕ್ಕಳ ಜ್ವರ ಬಿಟ್ಟಿತ್ತು.