ಅಪ್ಪನ ಅಳತೆಗೆ ಮಾತು

ಆಗೆಲ್ಲ ದರ್ಜಿ ಅಂಗಡಿಯಲ್ಲಿ ಅಪ್ಪನ ಕತ್ತರಿಗಿಂತ ಬಾಯಿಯೇ ಜೋರು. ಕಾಲರಿನಿಂದ ಶುರುವಾದ ಒಂದು ಮಾತು ತೋಳು, ಜೇಬು ಎಲ್ಲ ಸುತ್ತಾಡಿಕೊಂಡು ಗುಂಡಿಗೆ ಬಂದು ನಿಲ್ಲುತ್ತಿತ್ತು. ಶಾಲೆ ಬಿಟ್ಟವಳೇ ಬಟ್ಟೆ ಚೂರುಗಳ ರಾಶಿ ಮೇಲೆ ಕೂತು ಕೇಳುತ್ತಿದ್ದೆ. ಈಗ ನನ್ನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ.

ಕಳೆದ ವರ್ಷ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಕೈ ಸರಿಹೋಯಿತು, ಮನೆಯಲ್ಲೇ ಮಷೀನು ಇಟ್ಟುಕೊಂಡು ಮತ್ತೆ ಹೊಲಿಯತೊಡಗಿದರು. ಮಾತು ಮಾತ್ರ ಒಂದೊಂದೇ ಪದವಾಗಿ ಉಳಿಯಿತು.

ಮೊನ್ನೆ ಅಡುಗೆಮನೆಯಿಂದಲೇ ಕೂಗಿದೆ: "ಅಪ್ಪಾ, ವಕೀಲರ ಕೋಟಿಗೆ ಗುಂಡಿ ಹಾಕೋಕೆ ಮುಂಚೆ ಮೇಷ್ಟ್ರ ಕೋಟಿಗೆ ಹಾಕು!"

"ಹ್ಞೂಂ" ಅಂದರು. ಸಂಜೆ ನೋಡಿದರೆ ವಕೀಲರ ಕೋಟು ಸಿದ್ಧ, ಮೇಷ್ಟ್ರದ್ದು ಹಾಗೇ ಬಿದ್ದಿದೆ. ಪಾಪ, ಅವತ್ತೇ ಊರಿಗೆ ಹೊರಟಿದ್ದ ಮೇಷ್ಟ್ರು ಹಳೇ ಕೋಟಿನಲ್ಲೇ ಬಸ್ಸು ಹತ್ತಿದರು.

ಸೋದರಮಾವ ಎಗರಿಬಿದ್ದರು. "ಭಾವನಿಗೆ ಬುದ್ಧಿ ಕೆಟ್ಟಿದೆ ಕಣಮ್ಮ. ಮಷೀನು ಮಾರಿಬಿಡು. ಸುಮ್ನೆ ಮೂಲೇಲಿ ಕೂತಿರಲಿ."

ಅಪ್ಪ ಎರಡೂ ಕೈಯನ್ನು ಮಷೀನಿನ ಮೇಲಿಟ್ಟು ತಲೆ ತಗ್ಗಿಸಿದರು. ಆ ಮಾತು ಅವರಿಗೆ ಪೂರ್ತಿ ಅರ್ಥವಾಗಿತ್ತು.

ಅಪ್ಪನಿಗೆ ಮಾತಿನ ತರಬೇತಿ ಕೊಡಲು ಬರುವ ಮೇಡಂ ಅಲ್ಲೇ ಇದ್ದರು. "ತಡೀರಿ. ಯಜಮಾನರೇ, 'ಅಂಗಿಯನ್ನು ದರ್ಜಿ ಹೊಲಿದ.' ಹೊಲಿದಿದ್ದು ಯಾರು?"

ಅಪ್ಪ ಎದೆ ತಟ್ಟಿಕೊಂಡರು.

"ಅದೇನು ಮಹಾ?" ಅಂದರು ಮಾವ. "ಅಂಗಿ ದರ್ಜೀನ ಹೊಲಿಯುತ್ತಾ?"

"ಅದೇ ನೋಡಿ." ಮೇಡಂ ಎರಡು ಚಿತ್ರ ಇಟ್ಟರು. "'ಅಣ್ಣನನ್ನು ತಮ್ಮ ತಳ್ಳಿದ.' ಯಾವುದು?"

ಅಣ್ಣ ತಮ್ಮನನ್ನು ತಳ್ಳುತ್ತಿದ್ದ ಚಿತ್ರವನ್ನು ಅಪ್ಪ ಮುಟ್ಟಿದರು.

"ಇಲ್ಲಿ ಯಾರು ಬೇಕಾದ್ರೂ ತಳ್ಳಬಹುದು. 'ಅನ್ನು' ಯಾರಿಗೆ ಅಂಟಿದೆ ಅಂತ ಹಿಡೀಬೇಕು, ಅದು ಇವರಿಗೆ ಜಾರಿಹೋಗುತ್ತೆ. ಮೊದಲು ಕೇಳಿದವರೇ ಮಾಡಿದವರು, ಮೊದಲು ಕೇಳಿದ ಕೆಲಸವೇ ಮೊದಲು ಅಂದ್ಕೋತಾರೆ; ಕೋಟಿನಲ್ಲೂ ಅದೇ ಆಗಿದ್ದು. ಇದಕ್ಕೆ ಅಫೇಸಿಯಾ ಅಂತಾರೆ. ಬುದ್ಧಿ ಎಲ್ಲೂ ಹೋಗಿಲ್ಲ. ಮಾತಿನ ಹೊಲಿಗೆ ಬಿಟ್ಟಿದೆ, ಅಷ್ಟೇ."

"ಹಾಗಾದ್ರೆ ಜೋರಾಗಿ ಹೇಳೋಣ!" ಅಂದರು ಮಾವ.

"ಕಿವಿ ಚೆನ್ನಾಗಿದೆ ರೀ. ಚಿಕ್ಕ ಚಿಕ್ಕ ಮಾತಲ್ಲಿ ಹೇಳಿ."

ನಾನು ಅಪ್ಪನ ಎದುರು ಕೂತು ಮೇಷ್ಟ್ರ ಕೋಟು ಮುಟ್ಟಿದೆ. "ಮೊದಲು ಇದು." ಕಾದೆ. ಅಪ್ಪ ತಲೆಯಾಡಿಸಿದರು. ಸೊಂಟ ಸಡಿಲಿಸಲು ಮಾವ ತಂದಿದ್ದ ಪ್ಯಾಂಟು ತೋರಿಸಿದೆ. "ಆಮೇಲೆ ಮಾವನ ಪ್ಯಾಂಟು."

ಅಪ್ಪ ಪ್ಯಾಂಟು ನೋಡಿದರು, ಮಾವನನ್ನು ನೋಡಿದರು. ತುಟಿ ಓರೆಯಾಯಿತು. "ಹೊಟ್ಟೆ... ಬಟ್ಟೆ... ಸಾಲದು."

ಎಷ್ಟು ದಿನವಾಗಿತ್ತು ಆ ಕುಚೋದ್ಯ ಕೇಳಿ! ಮಾವ ಹೊಟ್ಟೆ ಒಳಗೆಳೆದುಕೊಂಡು, "ಮಷೀನು ಅಲ್ಲೇ ಇರಲಿ ಬಿಡು" ಅಂದರು. ಅಪ್ಪ ಮೇಷ್ಟ್ರ ಕೋಟು ಕೈಗೆತ್ತಿಕೊಂಡು ಸೂಜಿಗೆ ದಾರ ಪೋಣಿಸಿದರು.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಬುದ್ಧಿಯಿಲ್ಲ ಅನ್ನಬೇಡಿ. ಎದುರು ಕೂತು ಒಂದು ಸಲಕ್ಕೆ ಒಂದೇ ವಿಷಯ ಹೇಳಿ. ಮೊದಲು ಆಗಬೇಕಾದ್ದನ್ನು ಮೊದಲೇ ಹೇಳಿ, ಕೈಯಿಂದ ತೋರಿಸಿ, ಕಾಯಿರಿ. ಮಾತಿನ ತರಬೇತಿ ಕೊಡುವವರನ್ನು ತಪ್ಪದೆ ಕಾಣಿ. ನಮ್ಮಪ್ಪ ಊರಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿದವರಲ್ಲ. ಅವರವರ ಅಳತೆಗೆ ನಾವೂ ಮಾತು ಕತ್ತರಿಸೋಣ.