ಎರಡು ಸಲ ಬರೆದ ಸೋದರಮಾವ

ನಾನು ಒಂದು ಪ್ಲಗ್-ಇನ್, ಅಂದರೆ ಬೇರೊಂದಕ್ಕೆ ಅಂಟಿಸಿದ ಪುಟ್ಟ ಪ್ರೋಗ್ರಾಂ. ಕೈಗೆ ಸಿಗುವ ವಸ್ತುವಲ್ಲ, ಮೇಜಿನ ಮೇಲಿಟ್ಟು ತೋರಿಸಲೂ ಬರುವುದಿಲ್ಲ. ದೊಡ್ಡದೊಂದು ಸಾಫ್ಟ್‌ವೇರಿನ ಮೆನುವಿನಲ್ಲಿ, ‘ಎಕ್ಸ್‌ಪೋರ್ಟ್’ ಎಂಬ ಪದದ ಕೆಳಗೆ, ಒಂದೇ ಒಂದು ಸಾಲಾಗಿ ಬದುಕಿದ್ದೇನೆ. ಇಷ್ಟಕ್ಕೆಲ್ಲ ಆತ್ಮಕಥೆ ಬೇರೆ ಕೇಡು ಎಂದು ನಗಬೇಡಿ. ಕಣ್ಣು ಕಿವಿ ಎಲ್ಲಿಂದ ಬಂದವು ಎಂದೂ ಕೇಳಬೇಡಿ. ಕಥೆ ಹೇಳುವ ವಸ್ತುವಿಗೆ ಅಷ್ಟು ರಿಯಾಯಿತಿ ಕೊಡಲೇಬೇಕು.

ನಾನು ಹುಟ್ಟಿದ್ದು ಧಾರವಾಡದ ಒಂದು ಪ್ರಯೋಗಾಲಯದಲ್ಲಿ. ಮಗುವಿಗೆ ಕಿವಿ ಕೇಳಿಸದಿದ್ದರೆ, ಅದು ಮನೆತನದಲ್ಲಿ ಇಳಿದು ಬಂದದ್ದೋ ಅಲ್ಲವೋ ಎಂದು ರಕ್ತ ನೋಡಿ ಹೇಳುವ ಜಾಗ ಅದು. ಅಲ್ಲಿ ಎರಡು ಸಾಫ್ಟ್‌ವೇರ್ ಇದ್ದವು. ಮೊದಲನೆಯದು ಒಬ್ಬೊಬ್ಬರ ಡಿಎನ್‌ಎಯಲ್ಲಿರುವ ಗುರುತುಗಳನ್ನು ಓದಿ ಅಂಕಿಗಳಾಗಿ ಬರೆಯುತ್ತಿತ್ತು. ಪ್ರತಿ ಗುರುತಿಗೂ ಎರಡು ಅಂಕಿ. ಒಂದು ಅಪ್ಪನಿಂದ ಬಂದದ್ದು, ಇನ್ನೊಂದು ಅವ್ವನಿಂದ. ಎರಡನೆಯ ಸಾಫ್ಟ್‌ವೇರ್ ಆ ಅಂಕಿಗಳನ್ನು ವಂಶವೃಕ್ಷದಲ್ಲಿ ಕೂರಿಸಿ, ದೋಷ ಯಾರಿಂದ ಯಾರಿಗೆ ಬಂತು ಎಂದು ಲೆಕ್ಕ ಹಾಕುತ್ತಿತ್ತು. ಇಬ್ಬರೂ ಮಹಾ ಬುದ್ಧಿವಂತರು, ಆದರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಓದಲು ಬಾರದು. ಭಾರತಿ ಹಂಚಿನಮನಿ ಎಂಬ ವಿಜ್ಞಾನಿ ಆ ಅಂಕಿಗಳನ್ನು ಕೈಯಾರೆ ಜೋಡಿಸಿ ಜೋಡಿಸಿ ಸಾಕಾಗಿ, ಕೊನೆಗೆ ನನ್ನನ್ನು ಬರೆದರು. ಇಲ್ಲಿಂದ ಎತ್ತಿ ಅಲ್ಲಿ ಇಳಿಸುವುದು ನನ್ನ ಕೆಲಸ. ಹಮಾಲಿ ಎನ್ನಿ, ನನಗೇನೂ ಬೇಜಾರಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರು ನನಗೆ ಬಾಯಿ ಕೊಟ್ಟಿದ್ದರು. ಇಬ್ಬರು ಬೇರೆ ಬೇರೆ ವ್ಯಕ್ತಿಗಳ ಅಂಕಿಗಳು ಪೂರ್ತಿ ಒಂದೇ ಆಗಿದ್ದರೆ ನಾನು ನಿಂತು, ‘ಇವರಿಬ್ಬರೂ ಒಬ್ಬರೇ ಇರಬಹುದೇ?’ ಎಂದು ಕೇಳಬೇಕು. ಒಬ್ಬರ ರಕ್ತವೇ ಎರಡು ಟ್ಯೂಬಿಗೆ ಬಿದ್ದಿದ್ದರೆ ತಿಳಿಯಲಿ ಎಂದು.

ಭಾರತಿಯವರ ಕೈಯಿಂದ ನಾನು ಟೆಕ್ನಿಷಿಯನ್ ಈರಣ್ಣ ಕಮ್ಮಾರನ ಕೈಗೆ ಬಂದೆ. ನಡುವೆ ಒಮ್ಮೆ ಪೆನ್‌ಡ್ರೈವಿನಲ್ಲಿ ಕೂತು ಜಾನುವಾರು ಸಂಶೋಧನೆಯವರ ಹತ್ತಿರ ಹೋಗಿ ಎಮ್ಮೆಗಳ ಅಂಕಿಗಳನ್ನೂ ಹೊತ್ತೆ. ಎಮ್ಮೆಗಳ ಮನೆತನದಲ್ಲಿ ತಕರಾರು ಕಡಿಮೆ, ಸುಖವಾಗಿದ್ದೆ. ತಿರುಗಿ ಬಂದ ಸ್ವಲ್ಪ ದಿನಕ್ಕೇ ಈರಣ್ಣ ನನ್ನ ಬಾಯಿ ಮುಚ್ಚಿಸಿದ. ನಾನು ಕೇಳುವ ಪ್ರಶ್ನೆಯ ಕೆಳಗೆ ‘ಮತ್ತೆ ತೋರಿಸಬೇಡ’ ಎಂಬ ಚೌಕವಿತ್ತು, ಅದಕ್ಕೆ ಟಿಕ್ ಹಾಕಿಬಿಟ್ಟ.

ಅವನದೂ ತಪ್ಪೆನ್ನಲಾರೆ. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದುಂಟು. ಎರಡನೆಯ ಸಾಫ್ಟ್‌ವೇರ್ ಮಾಡಿದವರ ಊರಿನಲ್ಲಿ ಅದಿಲ್ಲ. ಅವ್ವನ ತಮ್ಮನೇ ಗಂಡ ಎಂದು ಬರೆದರೆ ಸಾಕು, ವಂಶವೃಕ್ಷದಲ್ಲಿ ದೋಷವಿದೆ ಎಂದು ಅದು ಕೆಲಸವನ್ನೇ ನಿಲ್ಲಿಸುತ್ತಿತ್ತು. ಅದನ್ನು ಸಮಾಧಾನ ಮಾಡಲು, ಭಾರತಿಯವರಿಗೆ ಗೊತ್ತಿಲ್ಲದೆ, ಈರಣ್ಣನಂಥವರು ಒಂದು ಉಪಾಯ ಕಂಡುಕೊಂಡಿದ್ದರು: ಅವನನ್ನು ಎರಡು ಸಲ ಬರೆಯುವುದು. ಒಂದು ಸಲ ಅವ್ವನ ತಮ್ಮ ಎಂದು, ಇನ್ನೊಂದು ಸಲ ಎಲ್ಲಿಂದಲೋ ಬಂದ ಗಂಡ ಎಂದು. ಹಾಗೆ ಬರೆದಾಗಲೆಲ್ಲ ನಾನು ತಕರಾರು ತೆಗೆಯುತ್ತಿದ್ದೆ. ಟಿಕ್ ಬಿದ್ದದ್ದು ಅದಕ್ಕೇ.

ರತ್ನವ್ವನ ಮನೆಯವರ ಅಂಕಿಗಳು ನನ್ನ ಹೆಗಲಿಗೆ ಬಂದದ್ದು ಆ ಕಾಲದಲ್ಲಿ. ನವಲಗುಂದದ ಕಡೆಯವಳು. ಮಗಳು ಚೈತ್ರಾಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಬಸುರಿಯಿದ್ದಾಗ ರತ್ನವ್ವ ಜ್ವರಕ್ಕೆ ಗುಳಿಗೆ ನುಂಗಿದ್ದಳಂತೆ. ಕೂಸಿನ ಕಿವಿ ಹೋದದ್ದು ಅದರಿಂದಲೇ ಎಂದು ಅತ್ತೆ ಹೊಳೆಬಸವ್ವ ಓಣಿಯ ಮನೆಮನೆಗೂ ಹೇಳಿಕೊಂಡು ಬಂದಿದ್ದಳು. ಅತ್ತೆ ಎಂದರೆ ಬರೀ ಅತ್ತೆಯಲ್ಲ, ರತ್ನವ್ವನ ಅವ್ವನನ್ನು ಹೆತ್ತವಳು. ಹೊರಗಿನ ಹೆಣ್ಣು ಬೇಡ, ಮೊಮ್ಮಗಳೇ ಮನೆ ತುಂಬಲಿ ಎಂದು ಹಟ ಹಿಡಿದು ಮಗನಿಗೆ ತಂದುಕೊಂಡಿದ್ದಳು. ರತ್ನವ್ವನಿಗೆ ಬೇಕಾಗಿದ್ದದ್ದು ಒಂದೇ ಉತ್ತರ: ಮಗಳ ಕಿವಿ ತನ್ನಿಂದ ಹೋಯಿತೇ, ಇಲ್ಲವೇ.

ಮಗುವಿನ ಸಾಲನ್ನು ಎತ್ತಿಕೊಂಡಾಗಲೇ ನನಗೆ ಗೊತ್ತಾಯಿತು. ಒಂದು ಕಡೆ ಉದ್ದಕ್ಕೂ ಅಪ್ಪನಿಂದ ಬಂದ ಅಂಕಿಯೂ ಅವ್ವನಿಂದ ಬಂದ ಅಂಕಿಯೂ ಒಂದೇ ಆಗಿದ್ದವು, ಮತ್ತು ಅವೇ ಅಂಕಿಗಳು ಹೊಳೆಬಸವ್ವನ ಸಾಲಿನಲ್ಲೂ ಇದ್ದವು. ಎರಡು ಸಲ ಬರೆದಿದ್ದ ರತ್ನವ್ವನ ಗಂಡ ಒಬ್ಬನೇ ಅಲ್ಲವೇ ಎಂದು ಕೇಳೋಣವೆಂದರೆ ಬಾಯಿಗೆ ಟಿಕ್. ಹೊತ್ತುಕೊಂಡು ಹೋಗಿ ಇಳಿಸಿದೆ. ಗಂಡ ಹೊರಗಿನವನು ಎಂದು ನಂಬಿದ ಆ ಎರಡನೆಯ ಸಾಫ್ಟ್‌ವೇರ್ ಮಹಾಶಯ, ಅಂಕಿಗಳು ಕೂಡಿದ್ದು ಆಕಸ್ಮಿಕ ಎಂದು ತೀರ್ಮಾನಿಸಿದ. ಅನುವಂಶೀಯ ಎನ್ನಲು ಆಧಾರವಿಲ್ಲ ಎಂದು ವರದಿ ಹೋಯಿತು. ಅನುವಂಶೀಯ ಅಲ್ಲದಿದ್ದರೆ ಗುಳಿಗೆಯದೇ ಎಂದು ಮನೆಯವರು ಓದಿಕೊಂಡರು. ರತ್ನವ್ವ ಆಮೇಲೆ ಎಂಥ ಜ್ವರ ಬಂದರೂ ಗುಳಿಗೆ ಮುಟ್ಟಲಿಲ್ಲವಂತೆ. ಎಷ್ಟು ಅನ್ಯಾಯ ನೋಡಿ.

ಮುಂದೆ ಹಳೆಯ ಕಂಪ್ಯೂಟರ್ ಕೆಟ್ಟಿತು. ಭಾರತಿಯವರು ನನ್ನನ್ನು ಹೊಸದಕ್ಕೆ ಹಾಕಿದರು. ಟಿಕ್ ಹಳೆಯದರಲ್ಲೇ ಉಳಿಯಿತು! ನಾನು ಸರಿಯಾಗಿ ನಡೆಯುತ್ತೇನೋ ನೋಡಲು, ಈರಣ್ಣ ಮೇಲಿದ್ದ ಫೈಲನ್ನೇ ತೆರೆದ. ಅದು ರತ್ನವ್ವನ ಮನೆಯದು. ನಾನು ನಿಂತೆ, ಕೇಳಿದೆ. ಈರಣ್ಣನ ಬೆರಳು ರೂಢಿಯಂತೆ ಚೌಕದ ಕಡೆಗೆ ಹೋಯಿತು. ಹಿಂದೆ ನಿಂತಿದ್ದ ಭಾರತಿಯವರು ತಡೆದು, ಇವರಿಬ್ಬರು ಯಾರು ಎಂದರು.

“ಇಬ್ಬರಲ್ರೀ ಮೇಡಂ, ಒಬ್ಬಾವನ,” ಎಂದ ಈರಣ್ಣ. “ಆಕಿ ಗಂಡ ಅಂದ್ರ ಆಕಿ ಸೋದರಮಾವನ. ಈ ಸಾಫ್ಟ್‌ವೇರಿಗೆ ಅದು ತಿಳಿಯಂಗಿಲ್ಲಂತ ಎರಡ ಸಲ ಬರೀತೀವ್ರಿ.”

ಭಾರತಿಯವರು ಕುರ್ಚಿ ಎಳೆದುಕೊಂಡು ಕೂತರು. ಈ ಮನೆಗೆ ವರದಿ ಹೋಗಿದೆಯೇ ಎಂದು ಕೇಳಿದರು. ಹೋಗಿತ್ತು. ಅಂದೇ ರತ್ನವ್ವನ ಗಂಡನನ್ನು ಒಬ್ಬನನ್ನಾಗಿ ಮಾಡಿ, ಎರಡನೆಯ ಸಾಫ್ಟ್‌ವೇರಿಗೆ ಅರ್ಥವಾಗುವಂತೆ ನನ್ನಲ್ಲಿ ತಿದ್ದುಪಡಿ ಮಾಡಿ ಕಳಿಸಿದರು. ಈ ಸಲ ಉತ್ತರ ಬೇರೆ ಬಂತು.

ಮನೆಯವರನ್ನು ಕರೆಸಿದರು. ಮೊದಲಿನ ವರದಿ ತಪ್ಪು, ತಪ್ಪು ನಮ್ಮದು ಎಂದು ಭಾರತಿಯವರು ನೇರವಾಗಿ ಹೇಳಿದರು. ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು: ಈ ಗುರುತು ಒಂದೇ ಇದ್ದರೆ ಕಿವಿಗೆ ಏನೂ ಆಗುವುದಿಲ್ಲ, ಎರಡು ಕೂಡಿದರೆ ಕೇಳಿಸುವುದಿಲ್ಲ. ಹೊಳೆಬಸವ್ವನಲ್ಲಿ ಒಂದಿದೆ. ಅದು ಮಗಳ ಮೂಲಕ ರತ್ನವ್ವನಿಗೆ ಬಂತು, ಇತ್ತ ಮಗನಿಗೂ ಬಂತು. ಚೈತ್ರಾಳಲ್ಲಿ ಎರಡೂ ಕೂಡಿದವು. ಇದರಲ್ಲಿ ಯಾರ ತಪ್ಪೂ ಇಲ್ಲ ಎಂದರು. ಮುಂದಿನ ಕೂಸಿಗೂ ಹೀಗಾಗುವ ಸಂಭವವಿದೆ ಎಂಬುದನ್ನೂ ಮುಚ್ಚಿಡಲಿಲ್ಲ.

“ಹಂಗಾರ ಗುಳಿಗಿದ್ದಲ್ಲೇನ್ರಿ?” ಎಂದಳು ರತ್ನವ್ವ.

“ಅಲ್ಲವ್ವ, ಗುಳಿಗೆಯಿಂದಲ್ಲ.”

ರತ್ನವ್ವ ಮಗಳನ್ನು ಅವುಚಿಕೊಂಡು ಅತ್ತಳು. ಹೊಳೆಬಸವ್ವ ಮಾತ್ರ ಪರದೆಯ ಮೇಲಿನ ತನ್ನ ಸಾಲನ್ನೇ ನೋಡುತ್ತಿದ್ದಳು. ಓದಲು ಬಾರದವಳು ಅಷ್ಟು ಹೊತ್ತು ಏನು ನೋಡಿದಳೋ. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು, “ಮನಿಮನಿಗೂ ಹೇಳಿ ಬಂದಾಕಿ ನಾನ. ಇದನ್ನೂ ನಾನ ಹೇಳಬೇಕು,” ಎಂದಳು. ಸೊಸೆಯ ಮುಖ ನೋಡಲಿಲ್ಲ.

ಈಗ ನನಗೆ ವಯಸ್ಸಾಯಿತು. ಎರಡೂ ಸಾಫ್ಟ್‌ವೇರ್‌ಗಳಿಗೆ ಹೊಸ ಆವೃತ್ತಿ ಬಂದು ನೇರವಾಗಿ ಮಾತಾಡಿಕೊಳ್ಳುತ್ತವೆ, ಸೋದರಮಾವನನ್ನೂ ಒಪ್ಪಿಕೊಂಡಿವೆ. ನಾನಿರುವ ಕಂಪ್ಯೂಟರ್ ಬಟ್ಟೆ ಹೊದ್ದು ಮೂಲೆಯಲ್ಲಿದೆ. ದುಃಖವೇನಿಲ್ಲ. ಅಂಕಿ ಹೊರುವುದು ಹಗುರದ ಕೆಲಸ. ಒಬ್ಬರು ಮಾಡದ ತಪ್ಪನ್ನು ಅವರ ತಲೆಯ ಮೇಲೆ ಹೊರಿಸಿದರೆ ಅದನ್ನು ಇಳಿಸುವುದು ನನ್ನಂಥವರಿಂದ ಆಗುವುದಲ್ಲ, ಹೊರಿಸಿದವರೇ ಬರಬೇಕು.

ಹೊಳೆಬಸವ್ವ ಬಂದಳು. ಈರಣ್ಣನ ಅಕ್ಕನ ಮನೆ ಅದೇ ಓಣಿಯಲ್ಲಿದೆ, ಅವನೇ ಭಾರತಿಯವರಿಗೆ ಹೇಳಿದ್ದು. ಓಣಿಯ ತುದಿಯಿಂದ ಶುರು ಮಾಡಿದಳಂತೆ. ಹೋಗಲಿ ಬಿಡು, ಹಳೇ ಮಾತು ಎಂದು ಯಾರಾದರೂ ಅಂದರೂ ಬಿಡದೆ, ಅದು ನನ್ನ ರಕ್ತದಿಂದ ಬಂದದ್ದು, ರತ್ನಿಯದೇನೂ ಇಲ್ಲ ಎಂದು ಪೂರ್ತಿ ಹೇಳಿಯೇ ಮುಂದಿನ ಮನೆಗೆ ಹೋಗುತ್ತಿದ್ದಳಂತೆ. ಬಿಸಿಲು ಏರಿತ್ತು. ಅರ್ಧ ಓಣಿ ಆಗುವಷ್ಟರಲ್ಲಿ ರತ್ನವ್ವ ಬಂದು ಅಜ್ಜಿಯ ಕೈ ಹಿಡಿದಳಂತೆ.

“ಸಾಕು, ಮನಿಗೆ ಬಾ ಆಯಿ. ಕೇಳಬೇಕಾದಾಕಿ ನಾನಿದ್ದೆ, ಕೇಳಿದೆ.”