ಬಾಗಿಲ ಬಳಿಯ ಬೆಂಚು

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಬಚ್ಚಲಿಗೆ ಒಂದು ಯುದ್ಧ, ಕನ್ನಡಿಗೆ ಇನ್ನೊಂದು. ಅಡುಗೆಮನೆ ಮಾತ್ರ ಶಾಂತ. ಅಲ್ಲಿ ಅಜ್ಜಿ ಕರ್ತನ ಭೋಜನಕ್ಕೆ, ಅಂದರೆ ಚರ್ಚಿನಲ್ಲಿ ಯೇಸುವಿನ ನೆನಪಿಗೆ ಎಲ್ಲರೂ ಹಂಚಿ ತಿನ್ನುವುದಕ್ಕೆ, ರೊಟ್ಟಿ ಸುಡುತ್ತಾಳೆ. ಆರಾಧನೆಯಲ್ಲಿ ಅದನ್ನು ಹಂಚುವವರು ಅಜ್ಜ, ನಮ್ಮ ಚರ್ಚಿನ ಸಭೆಯ ಹಿರಿಯರು. ಆ ರೊಟ್ಟಿ ಅವರ ಮಗನಿಗೆ, ನನ್ನ ಚಿಕ್ಕಪ್ಪನಿಗೆ, ಮಾತ್ರ ಸಿಗುವುದಿಲ್ಲ.

ನಮ್ಮ ಸಭೆಯಲ್ಲೊಂದು ಪದ್ಧತಿಯಿದೆ. ತಪ್ಪಿ ನಡೆದವರು ಬಾಗಿಲ ಬಳಿಯ ಬೆಂಚಿನಲ್ಲಿ ಕೂರಬೇಕು. ಹಿರಿಯರು ‘ಶುದ್ಧನಾದ’ ಎನ್ನುವವರೆಗೂ ರೊಟ್ಟಿಯ ತಟ್ಟೆ ಅತ್ತ ಹೋಗುವುದಿಲ್ಲ. ನಿಮ್ಮಲ್ಲೂ ಇಂಥ ಬೆಂಚು ಇದ್ದೀತು. ಒಮ್ಮೆ ಕೂತು ನೋಡಿ.

ಚಿಕ್ಕಪ್ಪನದು ಸೈಕಲ್ ರಿಪೇರಿ ಅಂಗಡಿ. ಯೇಸುವನ್ನು ನಂಬಿ ಕುಡಿತ ಬಿಟ್ಟವನು ಗೆಳೆಯನ ಮದುವೆಯಲ್ಲಿ ಒಮ್ಮೆ ಜಾರಿದ. ಮರುದಿನ ತಾನೇ ಬಂದು ಅಜ್ಜನ ಮುಂದೆ ಅತ್ತ. ಆಗಿನಿಂದ ಬೆಂಚೇ ಗತಿ. ಮೊದಮೊದಲು, "ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಕಣೇ" ಎಂದು ನಗುತ್ತಿದ್ದ. ಬರಬರುತ್ತ ನಗು ನಿಂತಿತು. ಮನೆಯ ಊಟ ಬಿಟ್ಟು ಅಂಗಡಿಯಲ್ಲೇ ಮಲಗತೊಡಗಿದ.

ಕರೆಯಲು ಹೋದರೆ ಪಂಕ್ಚರ್ ಹಾಕುತ್ತಲೇ ನನಗೆ ಹೇಳಿದ: "ಈ ಭಾನುವಾರ ಬಂದು ನೋಡ್ತೀನಿ. ಆಮೇಲೆ ಬರಲ್ಲ. ದೇವರಿಗೇ ಬೇಡವಾದವನು ಕುಡಿದ್ರೇನು, ಬಿಟ್ರೇನು?"

ಹೊಟ್ಟೆಯಲ್ಲಿ ಮಾತು ನಿಲ್ಲದ ನಾನು ಅಜ್ಜಿಗೆ ಹೇಳಿಬಿಟ್ಟೆ. ಆ ಭಾನುವಾರ ಹಿಟ್ಟು ನಾದುತ್ತಲೇ ಅವಳು ಅಜ್ಜನನ್ನು ಕೇಳಿದಳು.

"ಅವನಿಗೆ ಇವತ್ತಾದ್ರೂ ಕೊಡ್ತೀರಾ?"

"ಮೊದಲು ಶುದ್ಧ ಆಗ್ಲಿ. ಆಮೇಲೆ ನೋಡೋಣ."

"ಅವನು ನಡೆಯೋದು ಕಲಿತ್ಮೇಲೆ ಮಗ ಅಂದ್ರಾ, ಹುಟ್ಟಿದ ದಿನಾನೇ ಅಂದ್ರಾ?"

"ಅದೂ ಇದೂ ಒಂದೇನೇ?"

"ಒಂದೇ ರೀ. ರಕ್ಷಣೆ ಕರ್ತ ಪುಕ್ಕಟೆ ಕೊಟ್ಟಿದ್ದು. ಪವಿತ್ರನಾಗೋದು ಅಲ್ಲಿಂದ ಶುರು, ದಿನಾ ಬೀಳ್ತಾ ಏಳ್ತಾ. ನೀವು ಕೊನೇದನ್ನ ಮೊದಲು ಕೇಳ್ತಿದೀರಿ."

"ಹಂಗಾದ್ರೆ ಕುಡ್ಕೊಂಡೇ ಇರ್ಲಿ ಅಂತೀಯಾ?"

"ಕುಡೀಬಾರ್ದು ಅಂತಾನೇ ಕೊಡಿ ಅಂತಿರೋದು. ಮೈ ಗಟ್ಟಿಯಾದ್ಮೇಲೆ ಊಟ ಹಾಕ್ತೀನಿ ಅಂದ್ರೆ ಹಸಿದವನು ಗಟ್ಟಿಯಾಗೋದು ಯಾವಾಗ?"

"ಪದ್ಧತಿ ನಾನು ಮಾಡಿದ್ದಲ್ಲ" ಎನ್ನುತ್ತ ಅಜ್ಜ ಕೋಟು ಕೊಡವಿ ಹೊರಟರು.

ಆರಾಧನೆಯಲ್ಲಿ ಅಜ್ಜ ತಟ್ಟೆ ಹಿಡಿದು ನಮ್ಮ ಸಾಲಿಗೆ ಬರುವಾಗ ಅಜ್ಜಿ ಎದ್ದಳು. ನಿಧಾನವಾಗಿ ನಡೆದು ಚಿಕ್ಕಪ್ಪನ ಪಕ್ಕ ಕೂತಳು. ನಾನೂ ಹಿಂದೆಯೇ ಹೋದೆ. ಅಪ್ಪ, ಅಮ್ಮನೂ ಬಂದರು. ಬೆಂಚು ಅಲುಗಲಿಲ್ಲ. ಅದರ ಸಡಿಲ ನಟ್ಟನ್ನು ಚಿಕ್ಕಪ್ಪ ಆರಾಧನೆಗೆ ತುಸು ಮುಂಚೆ ಬಿಗಿ ಮಾಡಿದ್ದ, "ನನ್ನ ನಂತರ ಇಲ್ಲಿ ಕೂರೋರಿಗೆ ತೊಂದ್ರೆ ಆಗ್ಬಾರ್ದು" ಅಂತ.

ರೊಟ್ಟಿ ಸುಟ್ಟವಳೇ ರೊಟ್ಟಿ ಬಿಟ್ಟು ಕೂತದ್ದನ್ನು ಸಭೆಯೆಲ್ಲ ತಿರುಗಿ ನೋಡಿತು. ಅಜ್ಜ ಖಾಲಿ ಸಾಲನ್ನೂ ಬೆಂಚಿನಲ್ಲಿ ಕೂತ ನಮ್ಮನ್ನೂ ನೋಡಿದರು. ಆಮೇಲೆ ಬಾಗಿಲ ಕಡೆ ನಡೆದು ಬಂದು ತಟ್ಟೆಯನ್ನು ಮಗನ ಮುಂದೆ ಚಾಚಿದರು.

ಚಿಕ್ಕಪ್ಪ ಗ್ರೀಸು ಅಂಟಿದ ಬೆರಳು ಮಡಚಿಕೊಂಡ. "ಕೈ ತೊಳ್ಕೊಂಡು ಬರ್ತೀನಿ ಅಪ್ಪಾ."

"ಮೊದಲು ತಗೋ," ಎಂದರು ಅಜ್ಜ. "ತೊಳ್ಕೊಳ್ಳೋದು ಆಮೇಲೆ."